ಮದ್ದು, ಬಾಣ, ಬಿರುಸು: ಗುಂಡ್ಲುಪೇಟೆ ಸೀಮೆಯಿಂದ ಕಂಡ ಒಂದು ಅಲಿಖಿತ ಕಸುಬಿನ ಚರಿತ್ರೆ

ಗುಂಡ್ಲುಪೇಟೆಯಿಂದ ಪಶ್ಚಿಮಕ್ಕೆ ಹೊರಟು, ಮದ್ದೂರು ಮೂಲೆಹೊಳೆಗಳನ್ನು ದಾಟಿ, ಬಂಡೀಪುರದ ಕಾಡನ್ನು ಹಿಂದಿಕ್ಕಿ ವಯನಾಡಿಗೆ ಹೋದರೆ ಸಿಗುವ ಮೊದಲ ದೊಡ್ಡ ಊರು ಸುಲ್ತಾನ್ ಬತ್ತೇರಿ. ಅಲ್ಲಿ ಕಗ್ಗಲ್ಲಿನ ಒಂದು ಹಳೆಯ ಬಸದಿಯಿದೆ. ಈ ಊರಿಗೆ ಒಂದು ಕಾಲದಲ್ಲಿ ‘ಹನ್ನೆರಡು ಬೀದಿ’ ಎಂಬ ಕನ್ನಡದ ಹೆಸರೇ ಇತ್ತೆಂದೂ ಆ ಬೀದಿಗಳು ಜೈನ ವರ್ತಕರವಾಗಿದ್ದುವೆಂದೂ ಅಲ್ಲಿಯ ಜನ ಹೇಳುತ್ತಾರೆ. ಬಸದಿಯ ಚರಿತ್ರೆಯನ್ನು ಸಾಮಾನ್ಯವಾಗಿ ಮೂರು ಘಟ್ಟಗಳಲ್ಲಿ ವಿವರಿಸಲಾಗುತ್ತದೆ: ಮೊದಲು ಪೂಜಾಸ್ಥಾನ, ಆಮೇಲೆ ವ್ಯಾಪಾರದ ನೆಲೆ, ಕೊನೆಗೆ ಟಿಪ್ಪು ಸುಲ್ತಾನನ ಸೈನ್ಯದ ಮದ್ದುಗುಂಡುಗಳ ಉಗ್ರಾಣ. ಊರಿನ ಈಗಿನ ಹೆಸರು ಈ ಮೂರನೆಯ ಘಟ್ಟದಿಂದ ಬಂದದ್ದು. ‘ಬತ್ತೇರಿ’ಯೆಂದರೆ ಫಿರಂಗಿಗಳ ನೆಲೆ, ಕೋಟೆಯ ಕೊತ್ತಳಕ್ಕೂ ಕನ್ನಡದಲ್ಲಿ ಇದೇ ಮಾತು ಬಳಕೆಯಲ್ಲಿದೆ. ಈಗ ಬಸದಿಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ.

ತೀರ್ಥಂಕರರ ಸನ್ನಿಧಿ ಮದ್ದಿನಮನೆಯಾದುದನ್ನು ನೆನೆದು ಶ್ರಾವಕರು ನೊಂದುಕೊಳ್ಳುವುದು ಸಹಜ. ಆದರೆ ಆ ಬಸದಿಯನ್ನು ಕುರಿತು ಯೋಚಿಸುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಳಗಿಟ್ಟ ಆ ಮದ್ದನ್ನು ಅರೆದವರು ಯಾರು? ಬಸದಿಯನ್ನು ಕಟ್ಟಿಸಿದವರ ಹೆಸರುಗಳನ್ನು ನಾವು ಶಾಸನಗಳಲ್ಲಿ ಹುಡುಕುತ್ತೇವೆ. ಚಾಮರಾಜನಗರದ, ಅಂದರೆ ಹಿಂದಿನ ಅರಿಕುಠಾರದ, ಪಾರ್ಶ್ವನಾಥ ಬಸದಿಯನ್ನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು 1117ರಲ್ಲಿ ಕಟ್ಟಿಸಿದನೆಂಬುದು ನಮಗೆ ತಿಳಿದಿದೆ. ಮದ್ದು ಅರೆದವನಿಗೆ, ಕೊಳವೆಗೆ ಅದನ್ನು ತುಂಬಿದವನಿಗೆ, ಬಿದಿರಿಗೆ ಬಿಗಿದವನಿಗೆ ಶಾಸನವಿಲ್ಲ. ಮೈಸೂರಿನ ‘ಬಾಣ’ವು ಲೋಕಪ್ರಸಿದ್ಧವಾದರೂ ಅದನ್ನು ಕಟ್ಟಿದವರು ಅನಾಮಿಕರಾಗಿಯೇ ಉಳಿದರು. ಅವರ ಜಾಡು ಎಲ್ಲಾದರೂ ಉಳಿದಿದ್ದರೆ ಅದು ಭಾಷೆಯಲ್ಲಿ, ಎಂಬುದು ನನ್ನ ಗ್ರಹಿಕೆ.

ಮೊದಲು ‘ಮದ್ದು’ ಎಂಬ ಮಾತನ್ನೇ ನೋಡೋಣ. ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯದ ಗ್ರಂಥ. ಆ ಪ್ರಪಂಚದಲ್ಲಿ ಮದ್ದೆಂದರೆ ಔಷಧಿ, ವಿಷವನ್ನು ಇಳಿಸುವ ದ್ರವ್ಯ. ನಾಲ್ಕು ಶತಮಾನಗಳು ಕಳೆಯುವಷ್ಟರಲ್ಲಿ ಅದೇ ಮಾತು ಬಂದೂಕಿನ ಪುಡಿಗೂ ಸಲ್ಲುತ್ತದೆ. ಮದ್ದುಗುಂಡು, ಮದ್ದಿನಮನೆ ಎಂಬ ಸಮಾಸಗಳು ಬಳಕೆಗೆ ಬರುತ್ತವೆ. ಇದು ಕನ್ನಡದ ವಿಚಿತ್ರವೇನೂ ಅಲ್ಲ. ತಮಿಳಿನ ‘ಮರುಂದು’, ಮಲಯಾಳದ ‘ಮರುನ್ನು’, ತೆಲುಗಿನ ‘ಮಂದು’ಗಳಿಗೂ ಇದೇ ಎರಡು ಅರ್ಥಗಳಿವೆ. ಪಾರಸಿಯ ‘ದಾರೂ’ ಔಷಧಿಯೂ ಹೌದು, ಸಿಡಿಯುವ ಪುಡಿಯೂ ಹೌದು. ಮರಾಠಿಯ ‘ದಾರೂ’ ಅಲ್ಲಿಂದಲೇ ಬಂದದ್ದು. ಇದನ್ನು ಮೊದಲು ಕಂಡುಹಿಡಿದ ಚೀನೀಯರು ಅದಕ್ಕಿಟ್ಟ ಹೆಸರು ‘ಹುವೊಯಾವೊ’, ಅಂದರೆ ಬೆಂಕಿಯ ಮದ್ದು. ಒಂಬತ್ತನೆಯ ಶತಮಾನದ ಆಸುಪಾಸಿನಲ್ಲಿ ಆಯುಷ್ಯವನ್ನು ಹೆಚ್ಚಿಸುವ ರಸಾಯನವನ್ನು ಅರಸುತ್ತಿದ್ದ ರಸವಾದಿಗಳ ಕೈಯಲ್ಲಿ ಅದು ಹುಟ್ಟಿತು. ವಸ್ತು ದೇಶದಿಂದ ದೇಶಕ್ಕೆ ಸಾಗುವಾಗ ಅದರ ಹೆಸರಿನ ಅರ್ಥವೂ ಜೊತೆಗೇ ಸಾಗಿ, ಒಂದೊಂದು ನುಡಿಯೂ ತನ್ನ ಔಷಧಿಯ ಮಾತನ್ನೇ ಅದಕ್ಕೆ ಎರವಲು ಕೊಟ್ಟಂತಿದೆ. ಅರೆಯುವುದು, ಸೋಸುವುದು, ತೂಗುವುದು, ನೆರಳಿನಲ್ಲಿ ಒಣಗಿಸುವುದು: ವೈದ್ಯನ ಮನೆಯ ಕೆಲಸಗಳೇ ಮದ್ದಿನವನ ಮನೆಯ ಕೆಲಸಗಳೂ ಆಗಿದ್ದುವು. ಒರಳೊಂದೇ, ಪೆಟ್ಲುಪ್ಪು, ಗಂಧಕ, ಇದ್ದಿಲು ಎಂಬ ದ್ರವ್ಯಗಳು ಮಾತ್ರ ಬೇರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮದ್ದು ಇದ್ದುದರಿಂದ ‘ಮದ್ದೂರು’ ಎಂಬ ಹೆಸರು ಬಂತೆಂದು ಮಂಡ್ಯದ ಕಡೆಯ ಮದ್ದೂರಿನ ಬಗೆಗೆ ಹೇಳುವುದುಂಟು. ಗುಂಡ್ಲುಪೇಟೆಯ ಗಡಿಯ ಮದ್ದೂರಿಗೂ ಯಾರಾದರೂ ಅದನ್ನೇ ಅಂಟಿಸಬಹುದು. ಹಾಗೆ ಮಾಡಬಾರದು. ಮಂಡ್ಯದ ಮದ್ದೂರಿನ ಹೆಸರು ಮದ್ದಿಗಿಂತ ಬಹಳ ಹಿಂದಿನದು; ‘ಮರುದೂರು’ ಎಂಬ ರೂಪದಿಂದ ಸವೆದು ಬಂದದ್ದು. ಹೆಸರು ಕಿವಿಗೆ ಹೊಂದಿತೆಂದು ಚರಿತ್ರೆಯನ್ನು ಹೊಸೆಯುವ ಚಪಲ ನಮ್ಮಲ್ಲಿ ಕಡಮೆಯೇನಿಲ್ಲ.

ಅದೇ ಚಪಲದ ಪಾಂಡಿತ್ಯಪೂರ್ಣ ರೂಪವೊಂದಿದೆ. 1880ರಲ್ಲಿ ಮದ್ರಾಸಿನಲ್ಲಿ ಗುಸ್ತಾವ್ ಓಪರ್ಟ್ ಎಂಬ ವಿದ್ವಾಂಸರು ‘ಶುಕ್ರನೀತಿ’ಯನ್ನು ಆಧರಿಸಿ, ಪ್ರಾಚೀನ ಭಾರತೀಯರಿಗೆ ಬಂದೂಕೂ ಮದ್ದೂ ತಿಳಿದಿದ್ದುವೆಂದು ವಾದಿಸಿದರು. ಆಗ್ನೇಯಾಸ್ತ್ರದ ಕಲ್ಪನೆಗೆ ಇದು ಒಳ್ಳೆಯ ಊರುಗೋಲಾಯಿತು. ಆ ಗ್ರಂಥದ ಸಂಬಂಧಪಟ್ಟ ಭಾಗಗಳು ತೀರ ಈಚಿನವೆಂಬ ಅಭಿಪ್ರಾಯ ಅನಂತರದ ಸಂಶೋಧಕರಲ್ಲಿ ಬಲವಾಗಿ ನೆಲೆಗೊಂಡಿದೆ. ನಿಜವಾದ ಸಾಕ್ಷ್ಯವನ್ನು ತಾಳ್ಮೆಯಿಂದ ಒಟ್ಟುಗೂಡಿಸಿದವರು ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪಿ. ಕೆ. ಗೋಡೆಯವರು. 1400ರಿಂದ 1900ರವರೆಗಿನ ಭಾರತದ ಬಾಣಬಿರುಸುಗಳ ಚರಿತ್ರೆಯನ್ನು ಕುರಿತ ಅವರ ಕಿರುಹೊತ್ತಗೆ ಪ್ರಕಟವಾದದ್ದು ಬೆಂಗಳೂರಿನ ಬಸವನಗುಡಿಯಿಂದ, 1953ರಲ್ಲಿ. ನಮ್ಮ ಸಾಹಿತ್ಯ ವಿದ್ಯಾರ್ಥಿಗಳು ಅದನ್ನು ಓದಬೇಕು. ಒರಿಸ್ಸಾದ ಗಜಪತಿ ಪ್ರತಾಪರುದ್ರದೇವನ ಹೆಸರಿನ ‘ಕೌತುಕಚಿಂತಾಮಣಿ’ಯಲ್ಲಿ ಬಾಣಬಿರುಸುಗಳನ್ನು ಮಾಡುವ ಪಾಕಗಳು ದೊರೆಯುವುದನ್ನು ಗೋಡೆಯವರು ತೋರಿಸಿಕೊಟ್ಟರು. ಗ್ರಂಥದ ಹೆಸರನ್ನು ಗಮನಿಸಿರಿ: ಕೌತುಕ. ಮದ್ದು ಅಲ್ಲಿ ಆಯುಧವಲ್ಲ, ವಿನೋದ. ಅರಸನ ಹೆಸರಿನ ಗ್ರಂಥವೊಂದು ಮನೆಯಲ್ಲಿ ಅರೆದು ಮಾಡುವ ಬೆಂಕಿಯಾಟಗಳನ್ನು ವಿವರಿಸುತ್ತದೆ ಎಂದರೆ ಆ ಕಾಲಕ್ಕೆ ಇದು ಕುತೂಹಲಿಗಳ ವಿದ್ಯೆಯೂ ಆಗಿತ್ತೆಂದೇ ಅರ್ಥ. ಇಂದು ‘ಹವ್ಯಾಸ’ ಎಂದು ಕರೆಯುವುದಕ್ಕೆ ಅಂದಿನ ಮಾತು ಕೌತುಕ.

ವಿಜಯನಗರದ ಮಹಾನವಮಿಯಲ್ಲಿ ಈ ಕೌತುಕವು ರಾಜೋತ್ಸವದ ಅಂಗವಾಗಿತ್ತು. 1443ರಲ್ಲಿ ಬಂದಿದ್ದ ಅಬ್ದುರ್ ರಜಾಕನು ಉತ್ಸವದ ಬೆಂಕಿಯಾಟಗಳನ್ನು ವಿವರವಾಗಿ ಹೇಳಹೊರಟರೆ ಮುಗಿಯದೆಂಬ ಧಾಟಿಯಲ್ಲಿ ಬರೆಯುತ್ತಾನೆ. ಹದಿನಾರನೆಯ ಶತಮಾನದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನು ರಾತ್ರಿಯಲ್ಲಿ ಹಾರಿಸುತ್ತಿದ್ದ ಬಾಣಗಳನ್ನೂ, ಉರಿಯುತ್ತ ತನ್ನೊಳಗಿಂದಲೇ ಸಿಡಿಗಳನ್ನೆಸೆಯುವ ಕೃತಕ ಕೋಟೆಗಳನ್ನೂ ಕಂಡಿದ್ದನು. ಈ ಮಹಾನವಮಿಯ ಸಂಪ್ರದಾಯವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣಕ್ಕೆ ತಂದರು. ಅಲ್ಲಿಂದ ಮೈಸೂರಿನ ದಸರೆಯವರೆಗೆ, ಬನ್ನಿಮಂಟಪದ ಪಂಜಿನ ಕವಾಯತಿನ ರಾತ್ರಿಯ ಬಾಣಬಿರುಸುಗಳವರೆಗೆ, ಸಂಪ್ರದಾಯದ ಎಳೆ ಕಡಿದಿಲ್ಲ.

ಕನ್ನಡ ಕಾವ್ಯಗಳನ್ನು ಓದುವವರಿಗೆ ಇಲ್ಲೊಂದು ತೊಡಕಿದೆ. ‘ಬಾಣ’ವೆಂದರೆ ಬಿಲ್ಲಿನ ಅಂಬು, ಮದ್ದು ತುಂಬಿ ಹಾರಿಸುವ ಕೊಳವೆಯೂ ‘ಬಾಣ’ವೇ. ಪಾರಸಿಯಲ್ಲಿಯೂ ಮರಾಠಿಯಲ್ಲಿಯೂ ಇದೇ ಮಾತು ಈ ಎರಡನೆಯ ಅರ್ಥದಲ್ಲಿ ಬಳಕೆಯಾಯಿತು. ಹಾಗಾದರೆ ಹದಿನೇಳನೆಯ ಶತಮಾನದ ಕವಿಯೊಬ್ಬ ಯುದ್ಧವರ್ಣನೆಯಲ್ಲಿ ಬಾಣಗಳ ಮಳೆಯನ್ನು ಸುರಿಸಿದಾಗ ಅದು ಕವಿಸಮಯವೋ, ಕಣ್ಣಾರೆ ಕಂಡದ್ದೋ? ಪಂಪನ ಬಾಣಕ್ಕೆ ಈ ಸಂದೇಹವಿಲ್ಲ. ಚಿಕದೇವರಾಜ ಒಡೆಯರ ಆಸ್ಥಾನದ ಕವಿಗಳಿಗೆ ಬರುವ ವೇಳೆಗೆ ಸಂದೇಹ ಸಹಜವಾಗುತ್ತದೆ. ಆ ಅರಸನು ಪಟ್ಟಕ್ಕೆ ಬರುವ ಮುನ್ನ ತನ್ನ ಯೌವನವನ್ನು ಕಳೆದದ್ದು ಗುಂಡ್ಲುಪೇಟೆಯ ಸಮೀಪದ ಹಂಗಳದಲ್ಲಿ. ಅಲ್ಲಿ ಅವನ ಸಂಗಾತಿಯಾಗಿದ್ದು ಮುಂದೆ ಮಂತ್ರಿಯಾದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. ಆ ಆಸ್ಥಾನದ ಕೃತಿಗಳ ‘ಬಾಣ’, ‘ಬಿರುಸು’ ಪದಗಳನ್ನು ಸಂದರ್ಭಸಹಿತ ಕಲೆಹಾಕಿ ವಿಂಗಡಿಸಿದರೆ ಒಂದು ಒಳ್ಳೆಯ ಪ್ರಬಂಧಕ್ಕೆ ಸಾಮಗ್ರಿಯಾದೀತು. ಬಿರುಸು ಎಂಬ ಪದವಂತೂ ಅಚ್ಚಗನ್ನಡ. ರಭಸ, ಒರಟುತನ ಎಂಬ ಗುಣವೇ ವಸ್ತುವಿನ ಹೆಸರಾಗಿ ನಿಂತದ್ದು ಅಲ್ಲಿ.

ಹಬ್ಬದ ಬಾಣಕ್ಕೂ ಯುದ್ಧದ ಬಾಣಕ್ಕೂ ಇದ್ದ ಭೇದ ಮುಖ್ಯವಾಗಿ ಕೊಳವೆಯದು. ಕಾಗದದ ಇಲ್ಲವೆ ಬಿದಿರಿನ ಕೊಳವೆ ಹೆಚ್ಚಿನ ಒತ್ತಡವನ್ನು ತಾಳಲಾರದು. ತುಂಬಿದ ಮದ್ದು ಬಿಗಿಯಾದರೆ ಒಡೆಯುತ್ತದೆ. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರಿನಲ್ಲಿ ಬಡಿದ ಕಬ್ಬಿಣದ ತಗಡಿನ ಕೊಳವೆ ಬಂತು. ಮದ್ದನ್ನು ಗಟ್ಟಿಯಾಗಿ ತುಂಬಲು ಸಾಧ್ಯವಾದುದರಿಂದ ನೂಕುಬಲವೂ ಹಾರುವ ದೂರವೂ ಹೆಚ್ಚಿದುವು. ಲಂಡನ್ನಿನ ವುಲಿಚ್ ಫಿರಂಗಿದಳದ ವಸ್ತುಸಂಗ್ರಹಕ್ಕೆ ಸೇರಿದ ಎರಡು ಮೈಸೂರು ಬಾಣಗಳ ಅಳತೆಯನ್ನು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ತಮ್ಮ ಪ್ರಬಂಧದಲ್ಲಿ ಕೊಟ್ಟಿದ್ದಾರೆ. ಒಂದರ ಕೊಳವೆ 10 ಅಂಗುಲ ಉದ್ದ, 2.3 ಅಂಗುಲ ವ್ಯಾಸ. ಅದನ್ನು 3 ಅಡಿ 4 ಅಂಗುಲದ ನೇರ ಕತ್ತಿಯಲಗಿಗೆ ಚರ್ಮದ ಪಟ್ಟಿಗಳಿಂದ ಬಿಗಿಯಲಾಗಿದೆ. ಇನ್ನೊಂದರ ಕೊಳವೆ 7.8 ಅಂಗುಲ ಉದ್ದ, 1.5 ಅಂಗುಲ ವ್ಯಾಸ. ಅದಕ್ಕೆ 6 ಅಡಿ 3 ಅಂಗುಲದ ಬಿದಿರಿನ ಬಾಲ. ಈ ಅಂಕಿಗಳನ್ನು ಓದುತ್ತಿದ್ದಂತೆ ನನಗೆ ಕಂಡದ್ದು ಒಂದು ಬೀದಿ: ಕಮ್ಮಾರ, ಚರ್ಮ ಹದ ಮಾಡುವವ, ಬಿದಿರು ಸೀಳುವ ಮೇದ, ಮದ್ದು ಅರೆಯುವವ. ನಾಲ್ಕು ಕಸುಬುಗಳು ಕೂಡಿದ ಹೊರತು ಒಂದು ಬಾಣವಿಲ್ಲ. ಬೆಂಗಳೂರಿನ ತಾರಾಮಂಡಲಪೇಟೆಯು ಅಂಥ ಒಂದು ನೆಲೆಯ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬಳಕೆಗೆ ಸಿದ್ಧವಾದ 700 ಬಾಣಗಳೂ ಮದ್ದು ತುಂಬದ 9,000 ಕೊಳವೆಗಳೂ ದೊರೆತುವೆಂಬ ಲೆಕ್ಕವನ್ನು ಬರೆಹಗಾರರು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಎಲ್ಲರೂ 700ನ್ನು ನೋಡುತ್ತಾರೆ. ನನಗೆ ಮಾತನಾಡುವುದು ಆ 9,000. ಕೊಳವೆ ಮಾಡುವ ಕೈ ಬೇರೆ, ತುಂಬುವ ಕೈ ಬೇರೆ ಎಂಬುದನ್ನು ಅದು ಸೂಚಿಸುವಂತಿದೆ. ಕಬ್ಬಿಣ ಕಾಯುತ್ತದೆ, ಮದ್ದು ಕಾಯುವುದಿಲ್ಲ. ತೇವ ಹಿಡಿದರೆ ಕೆಟ್ಟುಹೋಗುತ್ತದೆ. ಆದ್ದರಿಂದ ತುಂಬುವ ಕೆಲಸ ಯುದ್ಧದ ಹತ್ತಿರ ಹತ್ತಿರಕ್ಕೇ ನಡೆಯಬೇಕಾಗಿತ್ತು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಪಾಳುಬಾವಿಯೊಂದರ ಕೆಸರನ್ನು ತೆಗೆದಾಗ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕವು; 23ರಿಂದ 26 ಸೆಂಟಿಮೀಟರ್ ಉದ್ದದ ತುಕ್ಕುಹಿಡಿದ ಕೊಳವೆಗಳು. ಅವನ್ನು ತಂದು ಬಾವಿಗೆ ಸುರಿದ ದಿನ ಏನಾಗಿದ್ದಿರಬಹುದೆಂದು ಊಹಿಸಲು ಕಾದಂಬರಿಕಾರನೇ ಬೇಕು.

ಈ ಬಾಣಗಳನ್ನು ಹೊತ್ತ ಸೈನ್ಯ ಚಾಮರಾಜನಗರದ ಸೀಮೆಯನ್ನು ಹಾದುಹೋದುದಕ್ಕೆ ದಾರಿಯೇ ಸಾಕ್ಷಿ. ಹರದನಹಳ್ಳಿಯ ಮೇಲೆ ತಾಳಮಲೆಯತ್ತ ಸಾಗಿ ಗಜ್ಜಲಹಟ್ಟಿ ಘಟ್ಟವನ್ನಿಳಿದರೆ ಭವಾನಿಯ ಕಣಿವೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಈ ಘಟ್ಟವನ್ನಿಳಿದೇ ಸತ್ಯಮಂಗಲದ ಬಳಿ ಇಂಗ್ಲಿಷರ ಮೇಲೆ ಬಿದ್ದನು. ಪೊಳ್ಳಿಲೂರು, ಶ್ರೀರಂಗಪಟ್ಟಣಗಳ ಕಾಳಗಗಳನ್ನು ಶಾಲೆಯ ಮಕ್ಕಳೂ ಬಲ್ಲರು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಬಾಣಗಳ ಮತ್ತು ಗುಂಡುಗಳ ನಡುವೆ ದಿಕ್ಕುತಪ್ಪಿ ಹಿಮ್ಮೆಟ್ಟಿದ ಆರ್ಥರ್ ವೆಲ್ಲೆಸ್ಲಿಯ ಕಥೆಯೂ ಹಳೆಯದೇ. ಅವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಹೇಳಬೇಕಾದದ್ದು 1804ರ ಒಂದು ಭೇಟಿಯನ್ನು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಪೂಜ್ಯಪಾದರ ತಪೋಭೂಮಿಯೆಂದು ಪ್ರತೀತಿಯುಳ್ಳ ಕ್ಷೇತ್ರ. ‘ರಾಜಾವಳೀ ಕಥೆ’ಯ ಕರ್ತೃ ದೇವಚಂದ್ರನು ಅಲ್ಲಿಯವನು, ಜನನ 1770. ಮೈಸೂರು ಸರ್ವೇಕ್ಷಣದ ಸಂಬಂಧದಲ್ಲಿ ಕಾಲಿನ್ ಮೆಕೆಂಜಿ ಅಲ್ಲಿಗೆ ಬಂದಾಗ ದೇವಚಂದ್ರನು ಅವನನ್ನು ಕಂಡು ಪೂಜ್ಯಪಾದ ಚರಿತೆಯನ್ನು ತೋರಿಸಿದ್ದೂ, ಸ್ಥಳೀಯ ವೃತ್ತಾಂತಗಳ ಸಂಗ್ರಹಕ್ಕೆ ನೆರವಾದದ್ದೂ ಕನ್ನಡ ಸಾಹಿತ್ಯಚರಿತ್ರೆಯ ಪರಿಚಿತ ಸಂಗತಿ. 1838ರಲ್ಲಿ ಮುಗಿದ ‘ರಾಜಾವಳೀ ಕಥೆ’ಯ ಮೂಲಪ್ರೇರಣೆಗಳಲ್ಲಿ ಆ ಭೇಟಿಯೂ ಒಂದು. ನಾವು ಅಷ್ಟಾಗಿ ನೆನೆಯದ ಅಂಶವೆಂದರೆ, ಮೆಕೆಂಜಿ ಅದಕ್ಕೆ ಮೊದಲು ಇಂಜಿನಿಯರನಾಗಿ 1792ರಲ್ಲಿಯೂ 1799ರಲ್ಲಿಯೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು. ಮೈಸೂರಿನ ಬಾಣಗಳ ಬೆಳಕನ್ನು ಎದುರಿನಿಂದ ಕಂಡ ಕಣ್ಣುಗಳೇ ಕನಕಗಿರಿಯ ತಾಳೆಗರಿಗಳನ್ನೂ ಕಂಡುವು. ಅವನೆದುರು ಕುಳಿತ ದೇವಚಂದ್ರನು ಆ ಯುದ್ಧಗಳ ಕಾಲದಲ್ಲಿ ಈ ಸೀಮೆಯಲ್ಲಿಯೇ ಬೆಳೆದ ತರುಣ.

ಅದೇ 1804ರಲ್ಲಿ ತನಗೆ ಬಾಣಗಳ ಯೋಚನೆ ಹೊಳೆಯಿತೆಂದು ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ಮುಂದೆ ಬರೆದುಕೊಂಡನು. 1806ರಲ್ಲಿ ಬೂಲೋನ್, 1807ರಲ್ಲಿ ಕೋಪನ್‌ಹೇಗನ್ ಅವನ ಬಾಣಗಳಿಂದ ಉರಿದುವು. ಒಂದೇ ವರ್ಷದಲ್ಲಿ, ಒಂದು ಕಡೆ ಮೈಸೂರಿನ ಬಾಣಕ್ಕೆ ಇಂಗ್ಲಿಷ್ ಹೆಸರು ಬೀಳುವುದಕ್ಕೆ ಮೊದಲಾಯಿತು. ಇನ್ನೊಂದು ಕಡೆ ಮೈಸೂರಿನ ಚರಿತ್ರೆಯನ್ನು ಕೂಡಿಡುವ ಅತಿ ದೊಡ್ಡ ಪ್ರಯತ್ನ ಕನಕಗಿರಿಯ ತಪ್ಪಲನ್ನು ಮುಟ್ಟಿತು. ಆ ಪ್ರಯತ್ನದ ಮುಖವಿದ್ದುದು ದೇವಸ್ಥಾನ, ಮಠ, ವಂಶಾವಳಿ, ಶಾಸನ, ಕೈಫಿಯತ್ತುಗಳ ಕಡೆಗೆ. ಕೇಳಿದ್ದರೆ ಹೇಳಬಲ್ಲ ಮದ್ದಿನ ಕಸುಬಿನವರು ಆಗಿನ್ನೂ ಬದುಕಿದ್ದರು. ಐದು ವರ್ಷಗಳ ಹಿಂದಷ್ಟೇ ಅವರ ಒರಳುಗಳು ನಿಂತಿದ್ದುವು. ಮೆಕೆಂಜಿಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಕಸುಬನ್ನು ಚರಿತ್ರೆಯೆಂದು ಬಗೆಯದ ದೃಷ್ಟಿ ಅವನೊಬ್ಬನದಾಗಿರಲಿಲ್ಲ, ನಮ್ಮದೂ ಆಗಿತ್ತು.

ಜೈನ ಲೇಖಕರ ಮಟ್ಟಿಗೆ ಇದಕ್ಕೆ ಶ್ರಾವಕಾಚಾರದ ಹಿನ್ನೆಲೆಯೂ ಇದ್ದೀತು. ಹನ್ನೆರಡನೆಯ ಶತಮಾನದ ಹೇಮಚಂದ್ರನ ‘ಯೋಗಶಾಸ್ತ್ರ’ವು ಗೃಹಸ್ಥನು ತೊರೆಯಬೇಕಾದ ಹದಿನೈದು ಜೀವನೋಪಾಯಗಳನ್ನು ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದೇ ಅಂಗಾರಕರ್ಮ: ಇದ್ದಿಲು ಸುಡುವುದೇ ಮೊದಲಾದ ಬೆಂಕಿಯ ಕಸುಬುಗಳು. ಪಟ್ಟಿಯಲ್ಲಿ ‘ಸ್ಫೋಟಕರ್ಮ’ವೂ ಇದೆ. ಆದರೆ ಅದನ್ನು ಸಿಡಿಮದ್ದೆಂದು ಓದುವುದು ತಪ್ಪು. ಅಲ್ಲಿ ಅದು ನೆಲವನ್ನು ಅಗೆದು ಒಡೆಯುವ ಕೆಲಸ. ಇದ್ದಿಲಿನ ಒಲೆಯಿಂದಲೇ ದೂರ ನಿಂತವರಿಗೆ ಮದ್ದಿನ ಮನೆಯ ಒಳಗನ್ನು ವರ್ಣಿಸುವ ಅವಕಾಶ ಎಲ್ಲಿ? ವೀರನಿರ್ವಾಣದ ಸ್ಮರಣೆಯಾದ ದೀಪಾವಳಿಯೂ ನಮ್ಮ ಪುರಾಣಗಳಲ್ಲಿ ದೀಪಗಳದೇ ಹೊರತು ಸದ್ದಿನದಲ್ಲ.

ಕಸುಬು ಮುಂದೆ ಹೇಗೆ ಸೊರಗಿತೆಂಬುದನ್ನು ಬೇಗ ಹೇಳಿಬಿಡಬಹುದು. 1884ರ ಸ್ಫೋಟಕಗಳ ಕಾಯಿದೆ ಮದ್ದು ಅರೆಯುವುದನ್ನು ಪರವಾನಗಿಯ ಕೆಲಸವಾಗಿಸಿತು; 1908ರ ಸ್ಫೋಟಕ ವಸ್ತುಗಳ ಕಾಯಿದೆ ಇನ್ನಷ್ಟು ಬಿಗಿಗೊಳಿಸಿತು. 1940ರ ದಶಕದಿಂದ ಬೆಳೆದ ಶಿವಕಾಶಿಯ ಉದ್ಯಮ ಅಗ್ಗದ ಪಟಾಕಿಗಳನ್ನು ಊರೂರಿಗೆ ಮುಟ್ಟಿಸಿತು. ಜಾತ್ರೆಗಳಿಗೆ ಬಾಣಬಿರುಸು ಕಟ್ಟಿಕೊಡುವ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದುವು. ನಮ್ಮ ಬಾಲ್ಯದಲ್ಲಿ ಉಳಿದದ್ದು ಅದರ ಅಣಕ ಮಾತ್ರ: ಹಬ್ಬದ ಮರುದಿನ ಬೆಳಗ್ಗೆ ಸಿಡಿಯದ ಪಟಾಕಿಗಳನ್ನು ಆಯ್ದು, ಮುರಿದು, ಮದ್ದನ್ನು ಕಾಗದದ ಮೇಲೆ ಸುರಿದು ‘ಸುಸ್ಸುಬುಸ್ಸು’ ಮಾಡುವುದು. ಹುಬ್ಬು ಸುಟ್ಟುಕೊಂಡ ಹುಡುಗನೊಬ್ಬ ವಾರಗಟ್ಟಲೆ ತಲೆತಗ್ಗಿಸಿ ಶಾಲೆಗೆ ಬರುತ್ತಿದ್ದುದು ನೆನಪಿದೆ. ಅದನ್ನು ನೆನೆದು ಈಗ ನಗಲಾರೆ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹದಿನಾಲ್ಕಕ್ಕೂ ಹೆಚ್ಚು ಜನ ಬೆಂದುಹೋದರು. ಅವರಲ್ಲಿ ಬಹುಮಂದಿ ಕೂಲಿಗೆ ಬಂದ ತರುಣರು. 2024ರ ಜನವರಿಯಲ್ಲಿ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನ ಬಳಿ ಬಾಣಬಿರುಸು ತಯಾರಿಸುವ ನೆಲೆಯೊಂದು ಸಿಡಿದು ಮೂವರು ಸತ್ತರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೈವಸ್ಥಾನವೊಂದರಲ್ಲಿ ಕೂಡಿಟ್ಟ ಬಿರುಸುಗಳಿಗೆ ಕಿಡಿ ತಾಗಿ ನೂರೈವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಮದ್ದಿನವರು ಮತ್ತೆ ಹೆಸರಿಲ್ಲದವರಾಗಿ, ಸತ್ತವರ ಎಣಿಕೆಯಲ್ಲಿ ಮಾತ್ರ ಪತ್ರಿಕೆಗೆ ಬಂದರು.

ಗುಂಡ್ಲುಪೇಟೆಯ ಕಾಡಂಚಿನ ಊರುಗಳಲ್ಲಿ ಮದ್ದಿಗೆ ಬೇರೆಯೇ ಒಂದು ಬದುಕಿದೆ. ರಾತ್ರಿ ಹೊಲದ ಅಟ್ಟಣೆಯಲ್ಲಿ ಕಾವಲು ಕೂತ ರೈತನ ಕೈಯಲ್ಲಿ ಬೆಳಕಿನ ಜೊತೆಗೆ ಪಟಾಕಿಯೂ ಇರುತ್ತದೆ. ಆನೆ ಬಂದರೆ ಅದೇ ಅವನ ಆಯುಧ. ಅರಣ್ಯ ಇಲಾಖೆಯ ಸಿಬ್ಬಂದಿಯೂ ಆನೆಗಳನ್ನು ಕಾಡಿಗೆ ತಿರುಗಿಸಲು ಅದನ್ನೇ ಸಿಡಿಸುತ್ತಾರೆ. ಇದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಕಾಡುಹಂದಿಗೆಂದು ತಿನಿಸಿನಲ್ಲಿ ಅಡಗಿಸಿಡುವ ‘ಸಿಡಿಮದ್ದು’ ಬೇರೆ. ಅದನ್ನು ಕಚ್ಚಿ ಬಾಯಿ ಛಿದ್ರವಾದ ಹಸುಗಳ ಸುದ್ದಿ ಈ ಭಾಗದ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಗಬ್ಬದ ಆನೆಯೊಂದು ಹಾಗೆಯೇ ನೀರಿನಲ್ಲಿ ನಿಂತು ಸತ್ತುದನ್ನು ದೇಶವೇ ಕಂಡಿತು. ಕಾಯಿದೆಯ ದೃಷ್ಟಿಯಲ್ಲಿ ಇದು ಅಪರಾಧ. ಕದ್ದು ಮಾಡುವ ಕೆಲಸವಾದುದರಿಂದ ಇದನ್ನು ಅರೆದವನ ಹೆಸರೂ ಹೊರಗೆ ಬರುವುದಿಲ್ಲ. ಮಂಗರಾಜನ ಕಾಲದಲ್ಲಿ ಪ್ರಾಣ ಉಳಿಸುತ್ತಿದ್ದ ಮಾತು ಮೇವಿನೊಳಗೆ ಅಡಗಿದ ವಿಷಕ್ಕೆ ಹೆಸರಾಗಿ ನಿಂತಿದೆ.

ಸಂಶೋಧಕರಿಗೆ ಇನ್ನೂ ಎರಡು ಮೂರು ದಾರಿಗಳು ತೆರೆದಿವೆ. ಮೈಸೂರಿನ ಅರಮನೆಯ ದಸರೆಯ ಖರ್ಚಿನ ಲೆಕ್ಕಗಳಲ್ಲಿ ಬಾಣಬಿರುಸಿನ ಬಾಬ್ತನ್ನು ಹುಡುಕಬಹುದು. ಹಣ ಕೊಟ್ಟಲ್ಲಿ ಹಣ ಪಡೆದವನ ಹೆಸರಿರಬೇಕು. ದೇವಸ್ಥಾನಗಳ ಜಾತ್ರೆಯ ಕಡತಗಳಿಗೂ ಈ ಮಾತು ಅನ್ವಯಿಸುತ್ತದೆ. ಇನ್ನೊಂದು ದಾರಿ ನಡೆದೇ ನೋಡಬೇಕಾದ್ದು: ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡುಗಳ ಹಳೆಯ ಬೀದಿಗಳಲ್ಲಿ ಜಾತ್ರೆಗೆ ಬಿರುಸು ಕಟ್ಟುತ್ತಿದ್ದವರ ಮನೆ ಯಾವುದೆಂದು ಎಪ್ಪತ್ತು ದಾಟಿದವರನ್ನು ಕೇಳುವುದು. ಮುಂದಿನ ಬಾರಿ ಕನಕಗಿರಿಗೆ ಹೋದಾಗ ಮಲೆಯೂರಿನಲ್ಲಿ ಇಳಿದು ನಾನೂ ಕೇಳಬೇಕೆಂದಿದ್ದೇನೆ.